ಒಂದೂವರೆ ಮಿಲಿಮೀಟರಿನ ಅಂತರ

ಕುಂದಾಪುರದ ಕಡೆಯ ಕೆರಾಡಿ ಪಶ್ಚಿಮಘಟ್ಟದ ಬುಡದಲ್ಲಿರುವ ಒಂದು ಹಳ್ಳಿ. ಮುಂದೆ ಗದ್ದೆ, ಬದಿಯಲ್ಲಿ ಅಡಿಕೆಯ ತೋಟ, ಹಿಂದೆ ಕಾಡು. ಕರಾವಳಿಯ ಒಳನಾಡಿನ ಎಲ್ಲ ಹಳ್ಳಿಗಳ ಚೆಲುವೂ ಅಲ್ಲಿದೆ. ಆ ಊರಿನ ಮೂಡುಗಲ್ಲಿನಲ್ಲಿ ಕೇಶವನಾಥೇಶ್ವರನ ಗುಹಾಲಯವಿದೆ. ಗುಹೆಯೊಳಗೆ ನೀರು, ನೀರನ್ನು ದಾಟಿದರೆ ದೇವರ ಸನ್ನಿಧಿ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವನಿಗೆ ಮೊದಲು ಏನೂ ಕಾಣುವುದಿಲ್ಲ. ಆಗ ಅವನು ಕಣ್ಣನ್ನು ನೆಚ್ಚದೆ, ಪಾದದಿಂದ ನೆಲವನ್ನು ತಡವಿ, ನೀರಿನ ಆಳವನ್ನು ಕಾಲಿನಿಂದಲೇ ಅಳೆದು ಹೆಜ್ಜೆಯಿಡುತ್ತಾನೆ. ಕುಂದಾಪುರದ ಕನ್ನಡದಲ್ಲಿ ನೋಡುವುದಕ್ಕೆ 'ಕಾಂಬುದು' ಎನ್ನುತ್ತಾರೆ. ಕಣ್ಣಿಗೆ ಬೀಳುವುದನ್ನು ನೋಡುವುದೂ ಕಾಂಬುದೇ; 'ಕಾಂಬ' ಎಂದು ಹೇಳಿ ಒಂದು ಸಂಗತಿಯನ್ನು ಪರೀಕ್ಷಿಸಿ ತಿಳಿಯುವುದೂ ಕಾಂಬುದೇ.

ಕಣ್ಣು ಸೋಲುವುದು ಕತ್ತಲೆಯಲ್ಲಿ ಮಾತ್ರವೇ ಅಲ್ಲ. ಬೆಳಕು ಮಿತಿಮೀರಿದಾಗಲೂ ಅದು ಸೋಲುತ್ತದೆ. ಅಂಥ ಬೆಳಕಿನ ನಡುವೆ, ಕಣ್ಣಿನಿಂದ ನೋಡಲಾಗದ ಒಂದು ಸಣ್ಣ ಅಂತರವನ್ನು ಕಾದುಕೊಂಡು, ಉಕ್ಕನ್ನು ನೇರವಾಗಿ ಕತ್ತರಿಸುವ ಕೆಲಸವೊಂದು ಇಂದಿನ ಕಾರ್ಖಾನೆಗಳಲ್ಲಿ ನಡೆಯುತ್ತಿದೆ. ಅದಕ್ಕೆ ಪ್ಲಾಸ್ಮಾ ಕಟಿಂಗ್ ಎಂದು ಹೆಸರು.

ಕಬ್ಬಿಣವು ಈ ನಾಡಿಗೆ ಹೊಸದಲ್ಲ. ಕೆರಾಡಿಗೆ ಪೂರ್ವದಲ್ಲಿರುವ ಘಟ್ಟಸಾಲಿನಲ್ಲಿ ಕೊಡಚಾದ್ರಿಯ ಶಿಖರ 1343 ಮೀಟರ್ ಎತ್ತರಕ್ಕೆ ಏರಿ ನಿಂತಿದೆ. ಅಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಎದುರು ಪುರಾತನವಾದ ಒಂದು ಕಬ್ಬಿಣದ ಕಂಬವಿದೆ. ದೇವಿಯು ಮೂಕಾಸುರನನ್ನು ಕೊಂದ ತ್ರಿಶೂಲವೇ ಅದೆಂದು ಜನ ನಂಬುತ್ತಾರೆ. ಲೋಹಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ, ಅದು ನಮ್ಮ ದೇಶದ ಹಳೆಯ ಪದ್ಧತಿಯಂತೆ ಅದಿರಿನಿಂದ ತೆಗೆದು ಬಡಿದು ಮಾಡಿದ ಕಬ್ಬಿಣವೆಂದು ಅಭಿಪ್ರಾಯಪಟ್ಟಿದ್ದಾರೆ. ಮಳೆಗಾಲದ ಬಿರುಮಳೆಯನ್ನು ಸಹಿಸಿ ಆ ಕಂಬ ಇಂದಿಗೂ ನಿಂತಿದೆ. ಅದನ್ನು ಮಾಡಿದವರ ಕೈಯಲ್ಲಿ ಉಷ್ಣಮಾಪಕವಿರಲಿಲ್ಲ. ಕುಲುಮೆಯಲ್ಲಿ ಕಾದ ಲೋಹ ಕಡುಗೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ತಿರುಗುವುದನ್ನು ನೋಡಿಯೇ ಅದರ ಹದವನ್ನು ಅವರು ಅರಿಯುತ್ತಿದ್ದರು. ನಮ್ಮ ಹಳ್ಳಿಗಳ ಕಮ್ಮಾರರು ಕತ್ತಿಗೆ, ನೇಗಿಲಿನ ಗುಳಕ್ಕೆ ಹದ ಕೊಡುತ್ತಿದ್ದುದೂ ಇದೇ ರೀತಿಯಲ್ಲಿ. ಕುಲುಮೆಯ ಬಣ್ಣವೇ ಅವರ ಮಾಪಕವಾಗಿತ್ತು.

ಇಂದು ಕರಾವಳಿಯಲ್ಲಿ ಉಕ್ಕಿನ ಉಪಯೋಗ ಬಹಳ ಹೆಚ್ಚಿದೆ. ಮನೆಯ ಮಾಡಿಗೆ ಮರದ ಪಕಾಸಿಯ ಬದಲು ಉಕ್ಕಿನ ಚೌಕಟ್ಟು ಬಂದಿದೆ. ಮರದ ದೋಣಿಗಳ ಜೊತೆಗೆ ಉಕ್ಕಿನ ದೋಣಿಗಳು ಕಡಲಿಗಿಳಿಯುತ್ತಿವೆ. ಮಲ್ಪೆಯ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಸಂಸ್ಥೆ ವಹಿಸಿಕೊಂಡಿತು. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಿಂದ ನಡೆಯುತ್ತಿರುವ ಅಲ್ಲಿ ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆಯುವ ಟಗ್ಗುಗಳು ತಯಾರಾಗುತ್ತವೆ. ನಾರ್ವೆ ದೇಶದ ಸಂಸ್ಥೆಯೊಂದಕ್ಕೆ ಸರಕು ಹಡಗುಗಳನ್ನು ಕಟ್ಟಿಕೊಡುವ ಕೆಲಸವೂ ಅದಕ್ಕೆ ದೊರೆತಿದೆ. ಹಡಗಾಗಲಿ ಮಾಡಾಗಲಿ, ಮೊದಲು ಆಗಬೇಕಾದ ಕೆಲಸ ಒಂದೇ: ಉಕ್ಕಿನ ಹಲಗೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸುವುದು. ಆ ಅಂಚು ಸರಿಯಾಗಿದ್ದರೆ ಮುಂದಿನ ಬೆಸುಗೆ ಸರಿಯಾಗುತ್ತದೆ. ಅದು ಓರೆಯಾದರೆ ಮುಂದಿನದೆಲ್ಲವೂ ತೇಪೆಯ ಕೆಲಸವಾಗುತ್ತದೆ.

ಉಕ್ಕನ್ನು ಬೆಂಕಿಯಿಂದ ಕತ್ತರಿಸುವ ಹಳೆಯ ಉಪಾಯವೆಂದರೆ ಗ್ಯಾಸ್ ಕಟಿಂಗ್. ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅದರ ಮೇಲೆ ಶುದ್ಧ ಆಮ್ಲಜನಕದ ಧಾರೆಯನ್ನು ಬಿಟ್ಟರೆ ಕಬ್ಬಿಣವು ಆ ಧಾರೆಯಲ್ಲಿ ಉರಿದುಹೋಗುತ್ತದೆ. ಆದರೆ ಈ ಉಪಾಯ ಸ್ಟೇನ್‌ಲೆಸ್ ಸ್ಟೀಲಿಗಾಗಲಿ ಅಲ್ಯೂಮಿನಿಯಮ್ಮಿಗಾಗಲಿ ನಡೆಯದು. ಅವುಗಳ ಮೇಲೆ ಹುಟ್ಟುವ ಆಕ್ಸೈಡಿನ ಪೊರೆ ಸುಲಭವಾಗಿ ಕರಗದೆ ಉರಿಯನ್ನು ತಡೆಯುತ್ತದೆ. ಅಂಥ ಲೋಹಗಳನ್ನೂ ಕತ್ತರಿಸಲು ವಿದ್ಯುತ್ತಿನ ಚಾಪವನ್ನು ಬಳಸಬಹುದೆಂದು ತೋರಿಸಿದವನು ಅಮೆರಿಕದ ರಾಬರ್ಟ್ ಗೇಜ್. ಅವನ ಸಾಧನಕ್ಕೆ 1957ರಲ್ಲಿ ಪೇಟೆಂಟ್ ದೊರೆಯಿತು.

ಪ್ಲಾಸ್ಮಾ ಎಂದರೇನು? ಘನವು ಕಾದರೆ ದ್ರವವಾಗುತ್ತದೆ, ದ್ರವವು ಕಾದರೆ ಅನಿಲವಾಗುತ್ತದೆ. ಅನಿಲವನ್ನೂ ಬಿಡದೆ ಕಾಯಿಸುತ್ತ ಹೋದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು, ಆ ಅನಿಲವು ವಿದ್ಯುತ್ತನ್ನು ಹರಿಯಗೊಡುತ್ತದೆ. ವಸ್ತುವಿನ ಈ ನಾಲ್ಕನೆಯ ಅವಸ್ಥೆಗೆ 1928ರಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿ ಪ್ಲಾಸ್ಮಾ ಎಂಬ ಹೆಸರನ್ನು ಕೊಟ್ಟನು. ಸೂರ್ಯನ ಒಡಲು ಪ್ಲಾಸ್ಮಾ. ಆಕಾಶದ ಮಿಂಚಿನ ದಾರಿಯೂ ಪ್ಲಾಸ್ಮಾ. ಕತ್ತರಿಸುವ ಟಾರ್ಚಿನಲ್ಲಿ ಒತ್ತಡದ ಗಾಳಿಯನ್ನು ವಿದ್ಯುತ್ ಚಾಪದ ಮೂಲಕ ಹಾಯಿಸಿ, ಸಣ್ಣ ರಂಧ್ರವೊಂದರಿಂದ ಹೊರಕ್ಕೆ ದೂಡುತ್ತಾರೆ. ಆ ಧಾರೆಯ ಉಷ್ಣತೆ 15,000 ಡಿಗ್ರಿಯನ್ನು ಮೀರಬಲ್ಲದು. ಉಕ್ಕು ಸುಮಾರು 1500 ಡಿಗ್ರಿಯಲ್ಲೇ ಕರಗುತ್ತದೆ. ಧಾರೆಯ ಶಾಖಕ್ಕೆ ಲೋಹ ಕರಗುತ್ತದೆ. ಅದರ ವೇಗಕ್ಕೆ ಕರಗಿದ ಲೋಹ ಕೆಳಗಿನಿಂದ ಹಾರಿಹೋಗುತ್ತದೆ. ಹೀಗೆ ಉಳಿದ ಸೀಳೇ ಕೊಯ್ತ.

ಟಾರ್ಚಿನ ಒಳಗೆ ತಾಮ್ರದ ಒಂದು ಎಲೆಕ್ಟ್ರೋಡ್ ಇದೆ. ಗಾಳಿಯಿಂದ ಕೆಲಸ ಮಾಡುವ ಟಾರ್ಚುಗಳಲ್ಲಿ ಅದರ ತುದಿಗೆ ಹಾಫ್ನಿಯಮ್ ಎಂಬ ಲೋಹದ ಚಿಕ್ಕ ತುಣುಕನ್ನು ಕೂರಿಸಿರುತ್ತಾರೆ. ಚಾಪವು ಹುಟ್ಟುವುದು ಅಲ್ಲಿಂದ. ಅದರ ಮುಂದೆ ತಾಮ್ರದ ನಾಜಲ್. ಚಾಪವನ್ನು ಸಪೂರವಾಗಿ ಹಿಂಡಿ ಹೊರಗೆ ಬಿಡುವ ಬಾಯಿ ಅದು. ಯಂತ್ರದಿಂದ ಹೊರಟ ವಿದ್ಯುತ್ತು ಎಲೆಕ್ಟ್ರೋಡ್, ಚಾಪ, ಹಲಗೆ, ಅರ್ತ್ ತಂತಿ ಈ ಕ್ರಮದಲ್ಲಿ ಹಾಯ್ದು ಸುತ್ತನ್ನು ಪೂರ್ತಿಗೊಳಿಸುತ್ತದೆ. ಗಣಕದ ನಿಯಂತ್ರಣವಿರುವ ಮೇಜಿನ ಮೇಲೆ ಟಾರ್ಚನ್ನು ಯಂತ್ರವೇ ಹಿಡಿದು ನಡೆಸುತ್ತದೆ. ಕೆಲಸಗಾರನು ನಿರ್ಧರಿಸಬೇಕಾದ ಮುಖ್ಯ ಸಂಗತಿಗಳು ನಾಲ್ಕು: ವಿದ್ಯುತ್ತಿನ ಪ್ರವಾಹ, ಟಾರ್ಚಿನ ವೇಗ, ಹಲಗೆಯಿಂದ ನಾಜಲಿನ ಎತ್ತರ, ಚಾಪದ ವೋಲ್ಟೇಜು. ಇವುಗಳಲ್ಲಿ ಎತ್ತರವೂ ವೋಲ್ಟೇಜೂ ಒಂದಕ್ಕೊಂದು ಹೆಣೆದುಕೊಂಡಿವೆ.

ಕೆರಾಡಿಯಂಥ ಊರಿನಿಂದ ಐ.ಟಿ.ಐ. ಮುಗಿಸಿ, ಪಟ್ಟಣದ ಕಾರ್ಖಾನೆಯೊಂದಕ್ಕೆ ಮೊದಲ ಸಲ ಕೆಲಸಕ್ಕೆ ಬಂದ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಮುಂದೆ 6 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆಯಿದೆ. ದೋಣಿಯ ಪಕ್ಕೆಲುಬುಗಳು ಅಡಿಪಟ್ಟಿಗೆ ಸೇರುವಲ್ಲಿ ಬೆಸೆಯಬೇಕಾದ ಮೂಲೆತಟ್ಟೆಗಳನ್ನು ಅವನು ಕತ್ತರಿಸಬೇಕು. ಅವನು ಬಾಗಿ ನೋಡಿ, ಕಣ್ಣಂದಾಜಿನಲ್ಲಿ ಟಾರ್ಚಿನ ಎತ್ತರವನ್ನು ಇಟ್ಟು, ಯಂತ್ರವನ್ನು ನಡೆಸುತ್ತಾನೆ. ಕಿಡಿಗಳ ಮಳೆ ಸುರಿಯುತ್ತದೆ, ತಟ್ಟೆ ಕಳಚಿ ಬೀಳುತ್ತದೆ. ಮೇಲಿನಿಂದ ನೋಡಿದರೆ ಅದು ಅಂದವಾಗಿಯೇ ಇದೆ. ಅನುಭವಿಯಾದ ಮೇಸ್ತ್ರಿ ಬಂದು, ತಟ್ಟೆಯನ್ನು ಕೈಗೆತ್ತಿಕೊಂಡು, "ಕಾಂಬ, ಅಂಚಿಗೆ ಮೂಲೆಮಟ್ಟ ಹಿಡಿ" ಎನ್ನುತ್ತಾನೆ. ಮೂಲೆಮಟ್ಟ ಹಿಡಿದಾಗ ಅಂಚಿಗೂ ಮಟ್ಟಕ್ಕೂ ನಡುವೆ ಬೆಳಕು ತೂರುತ್ತದೆ. ತಟ್ಟೆಯ ಮೇಲ್ಮುಖ ಚಿಕ್ಕದಾಗಿ, ಕೆಳಮುಖ ದೊಡ್ಡದಾಗಿ, ನಾಲ್ಕೂ ಅಂಚುಗಳು ಓರೆಯಾಗಿವೆ.

"ಅಣ್ಣಾ, ಎತ್ತರವನ್ನು ನಾನು ಸರಿಯಾಗಿಯೇ ನೋಡಿ ಇಟ್ಟಿದ್ದೆ" ಎನ್ನುತ್ತಾನೆ ಹುಡುಗ.

"ನೀನು ನೋಡಿದ್ದು ಚಾಪ ಹೊತ್ತುವ ಮೊದಲು. ಹೊತ್ತಿದ ಮೇಲೆ ಎಷ್ಟಿತ್ತೆಂದು ಯಾರು ನೋಡಿದರು?" ಎನ್ನುತ್ತಾನೆ ಮೇಸ್ತ್ರಿ.

ಈ ಪ್ರಶ್ನೆಯಲ್ಲಿಯೇ ಇಡೀ ವಿದ್ಯೆಯ ಮೂಲವಿದೆ. 45 ಆಂಪಿಯರ್ ಪ್ರವಾಹದ ಸಾಮಾನ್ಯವಾದ ಗಾಳಿ-ಪ್ಲಾಸ್ಮಾ ಯಂತ್ರವೊಂದರಲ್ಲಿ ಕತ್ತರಿಸುವಾಗ ಟಾರ್ಚಿನ ತುದಿ ಹಲಗೆಯಿಂದ ಸುಮಾರು 1.5 ಮಿಲಿಮೀಟರ್ ಎತ್ತರದಲ್ಲಿರಬೇಕು. ಟಾರ್ಚು ಇದಕ್ಕಿಂತ ಮೇಲಿದ್ದರೆ ಚಾಪವು ಹರಡುತ್ತದೆ. ಅದರ ಬಲ ಹಲಗೆಯ ಮೇಲ್ಭಾಗದಲ್ಲಿಯೇ ಹೆಚ್ಚು ವೆಚ್ಚವಾಗುವುದರಿಂದ ಸೀಳು ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತದೆ. ಮೇಲಂಚು ದುಂಡಗಾಗುತ್ತದೆ, ಕರಗಿದ ಲೋಹದ ಹನಿಗಳು ಮೇಲೆ ಸಿಡಿದು ಅಂಟುತ್ತವೆ. ಟಾರ್ಚು ತೀರ ಕೆಳಗಿದ್ದರೆ ಓರೆ ಹಿಂದುಮುಂದಾಗಿ, ತಟ್ಟೆಯ ಕೆಳಮುಖ ಚಿಕ್ಕದಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಟಾರ್ಚು ಹಲಗೆಗೆ ತಗುಲಿ ನಾಜಲು ಹಾಳಾಗುವ ಭಯ. ಸೊನ್ನೆಯಿಂದ 3 ಮಿಲಿಮೀಟರಿನ ಒಳಗೆ ಸರಿಯೂ ಇದೆ, ಎರಡು ಬಗೆಯ ತಪ್ಪೂ ಇದೆ.

ಚಾಪ ಉರಿಯುವಾಗ ಈ ಅಂತರವನ್ನು ಕಣ್ಣಿನಿಂದ ಅಳೆಯುವುದು ಆಗದ ಮಾತು. ಬೆಳಕು ಅತ್ಯಂತ ತೀಕ್ಷ್ಣ. ಕಪ್ಪು ಗಾಜಿನ ಹಿಂದೆ ಒಂದು ಬೆಳ್ಳನೆಯ ಬಿಂದುವಲ್ಲದೆ ಬೇರೇನೂ ಕಾಣದು. ಜೊತೆಗೆ ಹಲಗೆ ಸಮತಟ್ಟಾಗಿ ಉಳಿಯುವುದಿಲ್ಲ. ಕಾಯಿಸಿದ ಹಪ್ಪಳ ಏಳುವಂತೆ, ಕೊಯ್ತದ ಶಾಖಕ್ಕೆ ತಗಡು ಒಂದೆಡೆ ಉಬ್ಬಿ ಇನ್ನೊಂದೆಡೆ ತಗ್ಗುತ್ತದೆ. ಆರಂಭದಲ್ಲಿ ಸರಿಯಾಗಿದ್ದ ಎತ್ತರ ಒಂದು ಮೀಟರ್ ಸಾಗುವಷ್ಟರಲ್ಲಿ ಬೇರೆಯಾಗಿರುತ್ತದೆ.

ಹಾಗಾದರೆ ಎತ್ತರವನ್ನು ಹೇಳುವವರು ಯಾರು? ಚಾಪವೇ ಹೇಳುತ್ತದೆ. ಇದನ್ನು ಅಡಿಕೆ ತೋಟದ ನೀರಾವರಿಯ ಉದಾಹರಣೆಯಿಂದ ತಿಳಿಯಬಹುದು. ಪಂಪಿನಿಂದ ಗಿಡದವರೆಗೆ ಹಾಸಿದ ಪೈಪು ಉದ್ದವಾದಷ್ಟೂ, ಅಷ್ಟೇ ನೀರನ್ನು ಅಲ್ಲಿಗೆ ತಲುಪಿಸಲು ಹೆಚ್ಚು ಒತ್ತಡ ಬೇಕಾಗುತ್ತದೆ. ಪ್ಲಾಸ್ಮಾ ಯಂತ್ರವು ವಿದ್ಯುತ್ತಿನ ಪ್ರವಾಹವನ್ನು ಬದಲಾಗಗೊಡುವುದಿಲ್ಲ. 45 ಆಂಪಿಯರ್ ಎಂದರೆ 45 ಆಂಪಿಯರನ್ನೇ ಹರಿಸುತ್ತದೆ. ಟಾರ್ಚು ಮೇಲೇರಿದರೆ ಚಾಪ ಉದ್ದವಾಗುತ್ತದೆ. ಉದ್ದವಾದ ಚಾಪದ ಮೂಲಕ ಅಷ್ಟೇ ಪ್ರವಾಹವನ್ನು ಹಾಯಿಸಲು ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಟಾರ್ಚು ಕೆಳಗಿಳಿದರೆ ಚಾಪ ಗಿಡ್ಡವಾಗಿ ವೋಲ್ಟೇಜು ತಗ್ಗುತ್ತದೆ. ಆದುದರಿಂದ ವೋಲ್ಟೇಜನ್ನು ಅಳೆದರೆ ಎತ್ತರವನ್ನು ಅಳೆದಂತೆಯೇ ಆಯಿತು. ಸ್ಥೂಲವಾಗಿ ಹೇಳುವುದಾದರೆ ಒಂದು ವೋಲ್ಟಿನ ವ್ಯತ್ಯಾಸಕ್ಕೆ ಸುಮಾರು 0.1 ಮಿಲಿಮೀಟರ್ ಎತ್ತರದ ವ್ಯತ್ಯಾಸ.

ಎತ್ತರ ನಿಯಂತ್ರಕವೆಂಬ ಉಪಕರಣವು ಈ ನಿಯಮದ ಮೇಲೆ ಕೆಲಸ ಮಾಡುತ್ತದೆ. ಕೆಲಸಗಾರನು 130 ವೋಲ್ಟ್ ಎಂದು ನಿಗದಿಪಡಿಸಿದನೆಂದು ಇಟ್ಟುಕೊಳ್ಳೋಣ. ಹಲಗೆ ತಗ್ಗಿದಲ್ಲಿ ಅಂತರ ಹೆಚ್ಚಿ ವೋಲ್ಟೇಜು 134 ಆಗುತ್ತದೆ. ನಿಯಂತ್ರಕವು ಟಾರ್ಚನ್ನು ಕೆಳಗಿಳಿಸಿ ಮತ್ತೆ 130ಕ್ಕೆ ತರುತ್ತದೆ. ಹಲಗೆ ಉಬ್ಬಿದಲ್ಲಿ ವೋಲ್ಟೇಜು ಇಳಿಯುತ್ತದೆ, ಟಾರ್ಚು ಮೇಲೇರುತ್ತದೆ. ಗುಹೆಯ ನೀರಿನಲ್ಲಿ ಪಾದವು ನೆಲವನ್ನು ತಡವಿಕೊಂಡು ನಡೆಯುವಂತೆ, ಟಾರ್ಚು ವೋಲ್ಟೇಜಿನಿಂದ ಹಲಗೆಯನ್ನು ತಡವಿಕೊಂಡು ಸಾಗುತ್ತದೆ.

ಆದರೆ ಕೊಯ್ತದ ಆರಂಭದಲ್ಲಿ ಈ ಉಪಾಯವೂ ಸಾಲದು. ಚಾಪವೇ ಇಲ್ಲದಾಗ ವೋಲ್ಟೇಜು ಎಲ್ಲಿಂದ ಬರಬೇಕು? ಅದಕ್ಕಾಗಿ ಯಂತ್ರವು ಮೊದಲು ಟಾರ್ಚನ್ನು ಮೆಲ್ಲನೆ ಇಳಿಸಿ ಹಲಗೆಯನ್ನು ಮುಟ್ಟಿಸುತ್ತದೆ. ಹಲಗೆ ಎಲ್ಲಿದೆಯೆಂದು ತಿಳಿದ ಮೇಲೆ ಟಾರ್ಚು ಮೇಲೇರುತ್ತದೆ. ಆಗ ಅದು ನಿಲ್ಲುವುದು 1.5 ಮಿಲಿಮೀಟರಿನಲ್ಲಿ ಅಲ್ಲ, ಸುಮಾರು 3.8 ಮಿಲಿಮೀಟರಿನಲ್ಲಿ. ಹಲಗೆಯಲ್ಲಿ ತೂತು ಬೀಳುವವರೆಗೆ ಕರಗಿದ ಲೋಹಕ್ಕೆ ಕೆಳಗೆ ದಾರಿಯಿರುವುದಿಲ್ಲ. ಅದು ಮೇಲಕ್ಕೇ ಸಿಡಿಯುತ್ತದೆ. ಟಾರ್ಚು ಹತ್ತಿರವಿದ್ದರೆ ಆ ಹನಿಗಳು ನಾಜಲಿನ ಬಾಯಿಗೆ ಮೆತ್ತಿಕೊಳ್ಳುತ್ತವೆ. ತೂತು ಪೂರ್ತಿಯಾಗುವವರೆಗೆ ಕ್ಷಣಕಾಲ ಕಾದು, ಅನಂತರ ಟಾರ್ಚು ಕತ್ತರಿಸುವ ಎತ್ತರಕ್ಕೆ ಇಳಿದು ಮುಂದೆ ಸಾಗುತ್ತದೆ. ಈ ಕ್ಷಣಕಾಲದ ತಾಳ್ಮೆಯನ್ನು ಕಡಿಮೆಮಾಡಿದರೆ ತೂತು ಬೀಳುವ ಮೊದಲೇ ಟಾರ್ಚು ಚಲಿಸುತ್ತದೆ. ಹೆಚ್ಚುಮಾಡಿದರೆ ತೂತು ಅಗಲವಾಗಿ, ಚಾಪಕ್ಕೆ ಲೋಹವೇ ಸಿಗದೆ ಅದು ಆರಿಹೋಗುತ್ತದೆ.

ಇಷ್ಟನ್ನು ಕಲಿತ ಹುಡುಗನು ವೋಲ್ಟೇಜಿನ ಅಂಕಿಯನ್ನು ಪೂರ್ಣವಾಗಿ ನಂಬುತ್ತಾನೆ. ಎರಡು ದಿನ ತಟ್ಟೆಗಳು ಚೊಕ್ಕಟವಾಗಿ ಬರುತ್ತವೆ. ಮೂರನೆಯ ದಿನ ಅದೇ ಹಲಗೆ, ಅದೇ ವೇಗ, ಅದೇ 130 ವೋಲ್ಟ್. ಆದರೂ ಅಂಚು ಓರೆ, ಈ ಬಾರಿ ಎದುರು ದಿಕ್ಕಿಗೆ. ಟಾರ್ಚು ಹಲಗೆಯನ್ನು ಸವರುವಷ್ಟು ಕೆಳಗೆ ಓಡುತ್ತಿದೆ. ಅಂಕಿ ಸರಿಯಾಗಿದೆ, ಕೆಲಸ ಕೆಟ್ಟಿದೆ. ಇದು ಹೇಗೆ ಸಾಧ್ಯ?

ಮೇಸ್ತ್ರಿಯು ಯಂತ್ರವನ್ನು ಆರಿಸಿ, ಟಾರ್ಚನ್ನು ಬಿಚ್ಚಿ, ಎಲೆಕ್ಟ್ರೋಡನ್ನು ಹುಡುಗನ ಅಂಗೈಯಲ್ಲಿ ಇಡುತ್ತಾನೆ. ಅದರ ತುದಿಯ ಹಾಫ್ನಿಯಮ್ಮಿನಲ್ಲಿ ಒಂದು ಪುಟ್ಟ ಕುಳಿ ಬಿದ್ದಿದೆ. ಪ್ರತಿಸಲ ಚಾಪ ಹೊತ್ತಿದಾಗಲೂ ಆರಿದಾಗಲೂ ಆ ಲೋಹ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ವೋಲ್ಟ್‌ಮಾಪಕವು ಅಳೆಯುವುದು ನಾಜಲಿನಿಂದ ಹಲಗೆಯವರೆಗಿನ ಚಾಪವನ್ನು ಮಾತ್ರವಲ್ಲ. ಎಲೆಕ್ಟ್ರೋಡಿನ ಕುಳಿಯಿಂದ ಹೊರಟು, ನಾಜಲನ್ನು ಹಾಯ್ದು, ಹಲಗೆಯ ಸೀಳಿನೊಳಗೆ ಇಳಿಯುವ ಇಡೀ ಚಾಪವನ್ನು. ಕುಳಿ ಆಳವಾದಷ್ಟೂ ಚಾಪವು ಒಳಗೇ ಉದ್ದವಾಗುತ್ತದೆ. ಸವೆತದಿಂದ 5 ವೋಲ್ಟ್ ಹೆಚ್ಚಾಯಿತೆನ್ನೋಣ. ನಿಯಂತ್ರಕಕ್ಕೆ ಇದರ ಕಾರಣ ತಿಳಿಯದು. ಟಾರ್ಚು ಮೇಲೇರಿದೆಯೆಂದೇ ಅದು ತಿಳಿದು, 5 ವೋಲ್ಟ್ ಇಳಿಯುವವರೆಗೆ ಅದನ್ನು ಕೆಳಗೆ ತಳ್ಳುತ್ತದೆ. 5 ವೋಲ್ಟ್ ಎಂದರೆ ಸುಮಾರು ಅರ್ಧ ಮಿಲಿಮೀಟರ್. 1.5 ಇದ್ದ ಅಂತರ 1 ಮಿಲಿಮೀಟರಿಗೆ ಇಳಿಯಿತು. ಮೂರರಲ್ಲಿ ಒಂದು ಪಾಲು ಹೋಯಿತು. ಅಂಕಿ ಮಾತ್ರ 130 ಎಂದೇ ತೋರಿಸುತ್ತಿದೆ.

ಆದುದರಿಂದ ಹೊಸ ಎಲೆಕ್ಟ್ರೋಡಿಗೆ ನಿಗದಿಪಡಿಸಿದ ವೋಲ್ಟೇಜು ಸವೆದ ಎಲೆಕ್ಟ್ರೋಡಿಗೆ ಸಲ್ಲದು. ಸವೆತ ಹೆಚ್ಚಿದಂತೆ ವೋಲ್ಟೇಜನ್ನು ಕ್ರಮವಾಗಿ ಏರಿಸಬೇಕು. ಕುಳಿ ಮಿತಿಮೀರಿದಾಗ ಎಲೆಕ್ಟ್ರೋಡನ್ನೇ ಬದಲಿಸಬೇಕು. ಕೆಲವು ಯಂತ್ರಗಳು ಪ್ರತಿ ಕೊಯ್ತದ ಆರಂಭದಲ್ಲಿ, ಹಲಗೆಯನ್ನು ಮುಟ್ಟಿ ತಿಳಿದ ಎತ್ತರದಲ್ಲಿ ಬಂದ ವೋಲ್ಟೇಜನ್ನೇ ಹೊಸದಾಗಿ ಅಳೆದು, ಉಳಿದ ಕೊಯ್ತಕ್ಕೆ ಅದನ್ನೇ ಮಾನವಾಗಿ ಇಟ್ಟುಕೊಳ್ಳುತ್ತವೆ. ಆಗ ಸವೆತದ ಲೆಕ್ಕ ತಾನಾಗಿಯೇ ಸೇರಿಹೋಗುತ್ತದೆ.

ವೋಲ್ಟೇಜು ದಾರಿತಪ್ಪಿಸುವ ಸಂದರ್ಭಗಳು ಇನ್ನೂ ಇವೆ. ಮೂಲೆಯಲ್ಲಿ ತಿರುಗುವಾಗ ಯಂತ್ರ ನಿಧಾನವಾಗುತ್ತದೆ. ನಿಂತಲ್ಲೇ ಉರಿಯುವ ಚಾಪವು ಎದುರಿನ ಲೋಹವನ್ನು ತಿಂದು ಮುಗಿಸಿ, ದೂರದ ಲೋಹಕ್ಕೆ ಕೈಚಾಚುತ್ತದೆ. ಚಾಪ ಉದ್ದವಾಗಿ ವೋಲ್ಟೇಜು ಏರುತ್ತದೆ. ನಿಯಂತ್ರಕವು ಮೋಸಹೋಗಿ ಟಾರ್ಚನ್ನು ಹಲಗೆಗೆ ಇಳಿಸುತ್ತದೆ. ಮೊದಲೇ ಕತ್ತರಿಸಿದ ಸೀಳನ್ನು ದಾಟುವಾಗಲೂ ಹೀಗೆಯೇ. ಇಂಥ ಕಡೆಗಳಲ್ಲಿ ನಿಯಂತ್ರಕವನ್ನು ಕ್ಷಣಕಾಲ ತಡೆಹಿಡಿದು, ಟಾರ್ಚು ಇದ್ದ ಎತ್ತರದಲ್ಲೇ ಸಾಗುವಂತೆ ಮಾಡಬೇಕು. ತುಕ್ಕು ಅಥವಾ ಬಣ್ಣದ ಮೇಲೆ ಕಚ್ಚಿಸಿದ ಅರ್ತ್ ತಂತಿಯಿಂದಲೂ ಅಳತೆ ಕೆಡುತ್ತದೆ. ತಂತಿಯನ್ನು ಹೊಳೆಯುವ ಲೋಹಕ್ಕೇ ಬಿಗಿಯಬೇಕು. ತೆಳುವಾದ ತಗಡನ್ನು ಟಾರ್ಚು ಒತ್ತಿ ಮುಟ್ಟಿದರೆ ತಗಡು ಬಾಗಿ ಮತ್ತೆ ಪುಟಿಯುತ್ತದೆ. ಆಗ ಆರಂಭದ ಎತ್ತರವೇ ತಪ್ಪು.

ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚು. ಕಂಪ್ರೆಸರು ಆ ಗಾಳಿಯನ್ನು ಒತ್ತಿದಾಗ ತೇವವು ನೀರಾಗಿ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಅದನ್ನು ಹೊರಗೆ ಬಿಡದೆ, ಗಾಳಿಯನ್ನು ಒಣಗಿಸದೆ ಟಾರ್ಚಿಗೆ ಕೊಟ್ಟರೆ ಚಾಪ ಅಲುಗಾಡುತ್ತದೆ, ಎಲೆಕ್ಟ್ರೋಡೂ ನಾಜಲೂ ಬೇಗ ಸವೆಯುತ್ತವೆ. ಆಷಾಢದ ಮಳೆಯಲ್ಲಿ ಕೆಲಸ ಕೆಟ್ಟರೆ ವೋಲ್ಟೇಜಿನ ಗುಂಡಿಯನ್ನು ತಿರುಗಿಸುವ ಮೊದಲು ಕಂಪ್ರೆಸರಿನ ತಳದ ಕೊಳಾಯಿಯನ್ನು ತಿರುಗಿಸಿ ನೋಡಬೇಕು.

ಎತ್ತರ ಮತ್ತು ವೋಲ್ಟೇಜನ್ನು ಹೊಂದಿಸುವ ಸರಿಯಾದ ಕ್ರಮ ಹೀಗಿದೆ. ಮೊದಲು ಹಲಗೆಯ ದಪ್ಪಕ್ಕೆ ತಕ್ಕ ಪ್ರವಾಹ, ವೇಗ, ತೂತಿನ ಎತ್ತರ, ಕೊಯ್ತದ ಎತ್ತರ ಇವುಗಳನ್ನು ಯಂತ್ರದ ಕೋಷ್ಟಕದಲ್ಲಿ ನೋಡಬೇಕು. ಎಲೆಕ್ಟ್ರೋಡ್, ನಾಜಲುಗಳು ಹೊಸವಾಗಿರಬೇಕು. ಸಮತಟ್ಟಾದ ತುಂಡು ಹಲಗೆಯ ಮೇಲೆ, ನಿಯಂತ್ರಕವನ್ನು ಆರಿಸಿ, ತಿಳಿದ ಎತ್ತರದಲ್ಲಿ ಒಂದು ನೇರ ಕೊಯ್ತವನ್ನು ನಡೆಸಿ, ಆಗ ತೋರುವ ವೋಲ್ಟೇಜನ್ನು ಬರೆದುಕೊಳ್ಳಬೇಕು. ಅದೇ ಆ ಕೆಲಸದ ಮಾನ. ಅನಂತರ ನಿಯಂತ್ರಕವನ್ನು ಹಚ್ಚಿ, ಒಂದು ಚೌಕವನ್ನು ಕತ್ತರಿಸಿ, ನಾಲ್ಕೂ ಅಂಚುಗಳಿಗೆ ಮೂಲೆಮಟ್ಟ ಹಿಡಿಯಬೇಕು.

ಅಂಚುಗಳು ಓದಲು ಬಂದವನೊಡನೆ ಮಾತನಾಡುತ್ತವೆ. ತಟ್ಟೆಯ ನಾಲ್ಕೂ ಅಂಚುಗಳು ಕೆಳಮುಖ ದೊಡ್ಡದಾಗುವಂತೆ ಓರೆಯಾಗಿದ್ದರೆ ಟಾರ್ಚು ಮೇಲಿದೆ, ವೋಲ್ಟೇಜನ್ನು ಇಳಿಸಬೇಕು. ಕೆಳಮುಖ ಚಿಕ್ಕದಾಗುವಂತಿದ್ದರೆ ಟಾರ್ಚು ಕೆಳಗಿದೆ, ಏರಿಸಬೇಕು. ಒಂದು ಅಂಚು ಹೀಗೆ, ಎದುರಿನ ಅಂಚು ಹಾಗೆ ಇದ್ದರೆ ಟಾರ್ಚೇ ಲಂಬವಾಗಿಲ್ಲ. ಹಲಗೆಯ ಅಡಿಯಲ್ಲಿ ದಪ್ಪನೆಯ, ತಟ್ಟಿದರೆ ಉದುರುವ ಕಿಟ್ಟ ಕಟ್ಟಿದ್ದರೆ ವೇಗ ಕಡಿಮೆಯಾಗಿದೆ. ತೆಳ್ಳಗೆ ಬಿಗಿಯಾಗಿ ಅಂಟಿ, ಗ್ರೈಂಡರಿಗೂ ಸುಲಭವಾಗಿ ಜಗ್ಗದಿದ್ದರೆ ವೇಗ ಹೆಚ್ಚಾಗಿದೆ. ಸಾಮಾನ್ಯವಾದ ಟಾರ್ಚುಗಳಲ್ಲಿ ಗಾಳಿ ಬಲಸುತ್ತಾಗಿ ಸುಳಿಯುವುದರಿಂದ, ಟಾರ್ಚು ಸಾಗುವ ದಿಕ್ಕಿನ ಬಲಗಡೆಯ ಅಂಚು ಎಡಗಡೆಯದಕ್ಕಿಂತ ನೇರವಾಗಿರುತ್ತದೆ. ಆದಕಾರಣ ತಟ್ಟೆಯ ಹೊರಸುತ್ತನ್ನು ಬಲಸುತ್ತಾಗಿಯೂ ಒಳಗಿನ ತೂತುಗಳನ್ನು ಎಡಸುತ್ತಾಗಿಯೂ ಕತ್ತರಿಸುತ್ತಾರೆ. ತಿದ್ದುವಾಗ ಒಮ್ಮೆಗೆ ಒಂದನ್ನೇ ತಿದ್ದಬೇಕು. ವೇಗ, ಎತ್ತರ, ಪ್ರವಾಹ ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂದು ಎಂದೂ ತಿಳಿಯದು.

ಇಷ್ಟೆಲ್ಲ ಕಲಿಯುವವನು ಮರೆಯಬಾರದ ವಿಷಯವೆಂದರೆ ತನ್ನ ದೇಹದ ರಕ್ಷಣೆ. ಚಾಪದಿಂದ ಹೊರಡುವ ನೇರಳಾತೀತ ಕಿರಣಗಳು ಕಣ್ಣಿನ ಮೇಲ್ಪೊರೆಯನ್ನು ಸುಡುತ್ತವೆ. ಆಗ ತಿಳಿಯದಿದ್ದರೂ ಕೆಲವು ಗಂಟೆಗಳ ನಂತರ ಕಣ್ಣಿನಲ್ಲಿ ಮರಳು ಬಿದ್ದಂತೆ ನೋವು, ನೀರು. ಪ್ರವಾಹಕ್ಕೆ ತಕ್ಕ ಕಪ್ಪು ಗಾಜು, ಒಣಗಿದ ಕೈಗವಸು, ಹೊಗೆಯನ್ನು ಎಳೆದುಹಾಕುವ ಏರ್ಪಾಟು ಇವು ಇಲ್ಲದೆ ಚಾಪ ಹೊತ್ತಿಸಬಾರದು. ಸತುವು ಲೇಪಿಸಿದ ತಗಡಿನ ಹೊಗೆ ಜ್ವರ ತರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಹೊಗೆ ಅದಕ್ಕಿಂತ ಕೇಡಿನದು. ಚಾಪದ ವೋಲ್ಟೇಜು ಮನುಷ್ಯನ ಪ್ರಾಣ ತೆಗೆಯುವಷ್ಟಿರುತ್ತದೆ; ಎಲೆಕ್ಟ್ರೋಡನ್ನು ಬದಲಿಸುವ ಮೊದಲು ಯಂತ್ರದ ವಿದ್ಯುತ್ತನ್ನು ಕಡಿಯಲೇಬೇಕು.

ಅರ್ಧ ಮಿಲಿಮೀಟರಿನ ತಪ್ಪಿಗೆ ಇಷ್ಟೊಂದು ಚಿಂತೆ ಏಕೆಂದು ಯಾರಾದರೂ ಕೇಳಬಹುದು. ಓರೆಯಾದ ಮೂಲೆತಟ್ಟೆಯನ್ನು ಪಕ್ಕೆಲುಬಿಗೆ ಇಟ್ಟಾಗ ಎರಡರ ನಡುವೆ ಬಿರುಕು ಉಳಿಯುತ್ತದೆ. ಬೆಸೆಯುವವನು ಆ ಬಿರುಕನ್ನು ಲೋಹದಿಂದ ತುಂಬುತ್ತಾನೆ. ಮೇಲೆ ಬಣ್ಣ ಬಳಿಯುತ್ತಾರೆ. ದೋಣಿ ನೀರಿಗಿಳಿಯುವ ದಿನ ಯಾರಿಗೂ ಏನೂ ಕಾಣದು. ಆದರೆ ಕಡಲಿನ ತೆರೆ ದೋಣಿಯನ್ನು ಬಡಿಯುವುದು ಒಂದು ದಿನವಲ್ಲ, ಒಂದು ಸಲವಲ್ಲ. ಸಾವಿರಾರು ಬಾರಿ ಬಾಗಿ ಚೇತರಿಸುವ ಕೀಲಿನಲ್ಲಿ, ಸರಿಯಾಗಿ ಕೂಡದ ಎಡೆಯೇ ಮೊದಲು ಸೀಳುತ್ತದೆ. ಆ ದೋಣಿಯಲ್ಲಿ ಮೀನಿಗೆ ಹೋದವರಿಗೆ ತಟ್ಟೆ ಕತ್ತರಿಸಿದ ಹುಡುಗನ ಹೆಸರು ತಿಳಿದಿರುವುದಿಲ್ಲ. ಅವನಿಗೂ ಅವರು ಯಾರೆಂದು ತಿಳಿಯದು. ಹಾಗಿದ್ದರೂ ಅವರ ಜೀವದ ಒಂದು ಪಾಲು ಅವನು ಕಾಯುವ ಒಂದೂವರೆ ಮಿಲಿಮೀಟರಿನಲ್ಲಿ ಇದೆ.

ಹಿಂದಿನ ಕಮ್ಮಾರನಿಗೆ ಕುಲುಮೆಯ ಬಣ್ಣ ಮಾಪಕವಾಗಿತ್ತು; ಇಂದಿನ ಕೆಲಸಗಾರನಿಗೆ ವೋಲ್ಟೇಜಿನ ಅಂಕಿ ಮಾಪಕವಾಗಿದೆ. ಆದರೆ ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಮಂಕಾಗಿ ತೋರುತ್ತದೆಂದು ಕಮ್ಮಾರನಿಗೆ ಗೊತ್ತಿತ್ತು. ಆದುದರಿಂದಲೇ ಅವನು ಕುಲುಮೆಯನ್ನು ನೆರಳಿನಲ್ಲಿ ಹೂಡುತ್ತಿದ್ದನು. ಮಾಪಕವು ಯಾವಾಗ ಸರಿಯಾಗಿ ಹೇಳುತ್ತದೆ, ಯಾವಾಗ ತಪ್ಪಿಸುತ್ತದೆ ಎಂಬ ಅರಿವು ಅವನಿಗಿತ್ತು. ಅದೇ ಅರಿವು ಪ್ಲಾಸ್ಮಾ ಯಂತ್ರದ ಮುಂದೆ ನಿಂತವನಿಗೂ ಬೇಕು.

ಹುಡುಗನು ಹೊಸ ಎಲೆಕ್ಟ್ರೋಡನ್ನು ಕೂರಿಸಿ, ತುಂಡು ಹಲಗೆಯ ಮೇಲೆ ಪರೀಕ್ಷೆಯ ಕೊಯ್ತ ನಡೆಸಿ, ಬಂದ ವೋಲ್ಟೇಜನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಹಿಂದೆ ಕತ್ತರಿಸಿದ ಓರೆ ತಟ್ಟೆಗಳನ್ನು ಎಣಿಸಿ, ಒಂದನ್ನೂ ಬಿಡದೆ ಗುಜರಿಯ ರಾಶಿಗೆ ಹಾಕುತ್ತಾನೆ. ಅನಂತರ ಹೊಸ ಹಲಗೆಯನ್ನು ಮೇಜಿನ ಮೇಲೆ ಇಡುತ್ತಾನೆ. ಈ ಸಲ ತಟ್ಟೆ ಕಳಚಿ ಬಿದ್ದಾಗ ಅವನು ಮೇಸ್ತ್ರಿಯ ದಾರಿ ಕಾಯುವುದಿಲ್ಲ. ಅದು ತಣಿಯುವವರೆಗೆ ಕಾದು, ಮೂಲೆಮಟ್ಟವನ್ನು ತಾನೇ ತೆಗೆದುಕೊಂಡು, ಬೆಳಕಿನ ಎದುರು ಹಿಡಿಯುತ್ತಾನೆ.